ನೇಪಲ್ಸಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಜುಲೈನಲ್ಲಿ ಇಟಲಿಯ ನೇಪಲ್ಸಿಗೆ ಹೊರಟಿದ್ದೀಯ, ನಮ್ಮ ಓಟಗಾರ್ತಿ ದ್ಯುತಿ ಚಂದ್ ಓಡಿದ ಜಾಗ ನೋಡಲೇಬೇಕು, ಎಲ್ಲಿ ಉಳಿಯಲಿ ಅಂತ ಕೇಳಿದ್ದೀಯ. ಫುವೊರಿಗ್ರೊತ್ತಾದಲ್ಲಿ ಉಳಿ. ಪ್ರವಾಸಿಗಳು ಹಳೇ ಪೇಟೆಯಲ್ಲೇ ರೂಮು ಹಿಡೀತಾರೆ. ಆದರೆ 2019ರ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟದ ದೊಡ್ಡ ಅಂಗಳಗಳು ಇರೋದು ಪೊಸಿಲ್ಲಿಪೊ ಗುಡ್ಡದ ಆಚೆಯ ಈ ಬಡಾವಣೆಯಲ್ಲಿ.

ಆಗ ಸಾನ್ ಪಾವ್ಲೊ ಅನ್ನುತ್ತಿದ್ದ ಕ್ರೀಡಾಂಗಣಕ್ಕೆ 2020ರಿಂದ ಮರಡೋನಾ ಹೆಸರು. ಅಲ್ಲಿ ಜುಲೈ 9ರಂದು ದ್ಯುತಿ 100 ಮೀಟರ್ ಓಡಿದ್ದು 11.32 ಸೆಕೆಂಡಿನಲ್ಲಿ. ಎರಡನೆಯವಳಾದ ಸ್ವಿಟ್ಜರ್ಲೆಂಡಿನ ಆಯ್ಲಾ ಡೆಲ್ ಪೊಂತೆ 11.33. ಶುರುವಿನಲ್ಲೇ ಮುಂದಾದ ದ್ಯುತಿ ಕೊನೆಗೆ ಉಳಿಸಿಕೊಂಡಿದ್ದು ಸೆಕೆಂಡಿನ ನೂರನೇ ಒಂದು ಪಾಲು. ಈ ಕೂಟದ ಅಥ್ಲೆಟಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಅವಳು. ಟ್ರ್ಯಾಕ್ ಅಡ್ಡ ಇರೋದರಿಂದ ಫುಟ್‌ಬಾಲ್ ಆಟ ದೂರವಾಗುತ್ತೆ ಅಂತ ಅಲ್ಲಿ ಗೊಣಗುವವರಿಗೆ ಕಿವಿಗೊಡಬೇಡ. ನಮಗೆ ಬೇಕಾದದ್ದೇ ಆ ಟ್ರ್ಯಾಕು!

ಹತ್ತಿರದಲ್ಲೇ ಸ್ಕಾಂದೊನೆ ಈಜುಕೊಳವಿದೆ. ಅದರ ಮುಂದಿನ ರಸ್ತೆಗೆ ಇಲ್ಲಿ 1963ರಲ್ಲಿ ನಡೆದ ಮೆಡಿಟರೇನಿಯನ್ ಕ್ರೀಡಾಕೂಟದ್ದೇ ಹೆಸರು. ಡೈವಿಂಗ್, ಜೂಡೊ ನಡೆದ ಮೊಸ್ತ್ರಾ ದೊಲ್ತ್ರೆಮಾರೆ ಕೂಡ ನಡೆದುಹೋಗುವಷ್ಟೇ ದೂರ. ಅದು 1940ರ ವಸ್ತುಪ್ರದರ್ಶನದ ಆವರಣ.

2019ರ ಕೂಟ ಮೊದಲು ಬ್ರೆಜಿಲಿನ ಬ್ರೆಸಿಲಿಯಾದ ಪಾಲಿಗೆ ಬಂದಿತ್ತು. ಅವರು ದುಡ್ಡಿಲ್ಲ ಅಂತ ಕೈಬಿಟ್ಟ ಮೇಲೆ ನೇಪಲ್ಸಿಗೆ ಸಿಕ್ಕಿತು. ಆಟಗಾರರಿಗೆ ಊರೊಂದನ್ನೇ ಕಟ್ಟುವಷ್ಟು ವ್ಯವಧಾನ ಇರಲಿಲ್ಲ. ಬಂದರಿನ ಪ್ರಯಾಣಿಕರ ನಿಲ್ದಾಣದ ಬಳಿ ಎರಡು ಭಾರೀ ವಿಹಾರ ನೌಕೆಗಳನ್ನು ಕಟ್ಟಿ ನಿಲ್ಲಿಸಿ ಅವುಗಳಲ್ಲೇ ಆಟಗಾರರನ್ನು ಇರಿಸಿದರು. ಇನ್ನೊಂದಷ್ಟು ಜನ ಸಲೆರ್ನೊ ಬಳಿಯ ಫಿಶಾನೊ ವಿಶ್ವವಿದ್ಯಾಲಯದ ಆವರಣದಲ್ಲಿ. ನನ್ನ ಮಟ್ಟಿಗೆ ಇದೇ ಈ ಊರಿನ ಜಾಣತನ: ಹಡಗಿನಲ್ಲಿ ಕೋಣೆ, ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ ಎಲ್ಲ ತಯಾರಿರುತ್ತೆ, ಕೂಟ ಮುಗಿದ ಮೇಲೆ ಹಡಗು ಹೊರಟುಹೋಗುತ್ತೆ, ಪಾಳುಬೀಳೋಕೆ ಕಟ್ಟಡ ಉಳಿಯಲ್ಲ. ಆದರೆ ಹಡಗಿನ ಕೋಣೆ ಇಕ್ಕಟ್ಟು, ಬ್ಯಾಸ್ಕೆಟ್‌ಬಾಲ್ ಆಡುವ ಎತ್ತರದವರಿಗಂತೂ ಕಷ್ಟವೇ.

ಈಗ ಓಡಾಟ. ವಿಮಾನ ನಿಲ್ದಾಣದಿಂದ ಅಲಿಬಸ್ ಹತ್ತಿ ಪಿಯಾತ್ಸಾ ಗರಿಬಾಲ್ದಿಯಲ್ಲಿ ಇಳಿ. ಅಲ್ಲಿಂದ ಮೆಟ್ರೊ 2ನೇ ಮಾರ್ಗದಲ್ಲಿ ಕಾಂಪಿ ಫ್ಲೆಗ್ರೆಯಿ ನಿಲ್ದಾಣಕ್ಕೆ ಹೋದರೆ ಕ್ರೀಡಾಂಗಣ ಎದುರಿಗೇ. ಹೊಸಬರು ಎಡವುವುದು ಟಿಕೆಟ್ಟಿನಲ್ಲಿ. 1ನೇ ಮಾರ್ಗ ನಗರ ಸಾರಿಗೆಯದ್ದು, 2ನೇದು ರಾಷ್ಟ್ರೀಯ ರೈಲ್ವೆಯದ್ದು. ಒಂದರ ಬಿಡಿ ಟಿಕೆಟ್ ಇನ್ನೊಂದಕ್ಕೆ ನಡೆಯಲ್ಲ, ತಪಾಸಣೆಯಲ್ಲಿ ಸಿಕ್ಕರೆ ದಂಡ. ಎರಡಕ್ಕೂ ನಡೆಯುವ ‘ತಿಕ್’ ಟಿಕೆಟ್ಟನ್ನೇ ಕೇಳು. ‘ಟಿ’ ಅಕ್ಷರದ ಫಲಕ ಇರುವ ತಂಬಾಕಿನ ಅಂಗಡಿಗಳಲ್ಲಿ ಸಿಗುತ್ತೆ. ಬಂದರಿನ ಬಳಿಯ ಮುನಿಚಿಪಿಯೊ ನಿಲ್ದಾಣದಿಂದ ಮೊಸ್ತ್ರಾಕ್ಕೆ 2024ರಲ್ಲಿ ಮತ್ತೆ ಶುರುವಾದ 6ನೇ ಮಾರ್ಗವೂ ಇದೆ. ಮೊದಮೊದಲು ಅದು ಮಧ್ಯಾಹ್ನಕ್ಕೇ ನಿಂತುಬಿಡುತ್ತಿತ್ತು, ಹಾಗಾಗಿ ಸಂಜೆಗೆ ಅದನ್ನೇ ನೆಚ್ಚಿಕೊಳ್ಳುವ ಮೊದಲು ವೇಳಾಪಟ್ಟಿ ನೋಡು.

ಕಾಲಡಿ ನಡುಗಿದರೆ ಗಾಬರಿಯಾಗಬೇಡ. ಫುವೊರಿಗ್ರೊತ್ತಾ ಇರೋದು ಜ್ವಾಲಾಮುಖಿಯ ಬಟ್ಟಲಿನ ಅಂಚಿನಲ್ಲಿ, ನೆಲ ನಿಧಾನಕ್ಕೆ ಏಳುತ್ತಿದೆ, ಸಣ್ಣ ಕಂಪನ ಅಲ್ಲಿ ಮಾಮೂಲು. ಇನ್ನು ಕಡಲು ಕಂಡಲ್ಲೆಲ್ಲ ಇಳಿಯೋ ಚಾಳಿ ಬಿಡು. ಪಕ್ಕದ ಬಾಗ್ನೋಲಿಯಲ್ಲಿ 1992ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯ ಕೊಳೆ ಇನ್ನೂ ಕಡಲ ತಳದಲ್ಲಿದೆ. ಈಜೋದಾದರೆ ಪೊಸಿಲ್ಲಿಪೊ ಕಡೆ ಹೋಗು.

ಸಸ್ಯಾಹಾರಿಗೆ ಉಪವಾಸವೇನಿಲ್ಲ. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ, ಚೀಸೂ ಇಲ್ಲ. ಮೋಸ ಹೋಗೋದು ತಾರಾಲ್ಲಿಯಲ್ಲಿ: ಕೋಡುಬಳೆ ಥರಾ ಕಾಣುವ ಆ ಮೆಣಸಿನ ತಿಂಡಿಗೆ ಹಂದಿಕೊಬ್ಬು ಹಾಕಿರುತ್ತಾರೆ. ಆಲೂಗಡ್ಡೆಯ ಕರಿದ ತಿಂಡಿ ಕ್ರೊಕ್ಕೆಯೊಳಗೂ ಕೆಲವೊಮ್ಮೆ ಮಾಂಸದ ಚೂರು ಇರುತ್ತೆ. ಕೇಳಿಯೇ ತಿನ್ನು.

ಬಿಲ್ಲುಗಾರಿಕೆಯ ಅಂತಿಮ ಸ್ಪರ್ಧೆಗಳು ನಡೆದ ಕಾಸೆರ್ತಾ ಅರಮನೆಗೆ ಒಂದು ದಿನ ಮೀಸಲಿಡು. ರೈಲಿನಲ್ಲಿ ಮುಕ್ಕಾಲು ಗಂಟೆ, ನಿಲ್ದಾಣದ ಎದುರಿಗೇ ಅರಮನೆ. ಮಂಗಳವಾರ ರಜೆ, ನಿನ್ನ ಪಟ್ಟಿಯಲ್ಲಿ ಅದನ್ನು ಮಂಗಳವಾರಕ್ಕೇ ಬರೆದಿದ್ದೀಯ, ಬದಲಾಯಿಸಿಕೋ.

ಇಂತಿ ನಿನ್ನ ಗೆಳೆಯ