ಮಕಾವ್‌ನ ಹಳೆ ಪ್ರೊಟೆಸ್ಟಂಟ್ ಸ್ಮಶಾನ: ಹೋಗುವವರ ಗಮನಕ್ಕೆ

ಸದಸ್ಯರೇ, ಕಾಮೋಯಿಶ್ ಉದ್ಯಾನದ ಪಕ್ಕದಲ್ಲೇ ಇದರ ಗೇಟು. ಮೊದಲು ಸಿಗುವುದು ಮಾರಿಸನ್ ಚಾಪೆಲ್. ಸಮಾಧಿಗಳು ಅದರಾಚೆ, ಮೆಟ್ಟಿಲಿಳಿದರೆ.

1821ರ ಜೂನ್‌ನಲ್ಲಿ ಮಿಷನರಿ ರಾಬರ್ಟ್ ಮಾರಿಸನ್ನರ ಪತ್ನಿ ಮೇರಿ ಕಾಲರಾದಿಂದ ತೀರಿಕೊಂಡರು. ಮಕಾವ್ ಆಗ ಕ್ಯಾಥೊಲಿಕ್ ಪೋರ್ಚುಗೀಸರ ಊರು, ಅದರೊಳಗೆ ಪ್ರೊಟೆಸ್ಟಂಟರನ್ನು ಹೂಳುವಂತಿರಲಿಲ್ಲ. ಊರ ಗೋಡೆಯಾಚೆಯ ಗುಡ್ಡದಲ್ಲಿ, 1811ರಲ್ಲಿ ಹುಟ್ಟಿದ ದಿನವೇ ಸತ್ತ ಅವರ ಮಗುವಿನ ಪಕ್ಕ ಹೂಳೋಣವೆಂದರೆ ಚೀನೀಯರು ಒಪ್ಪಲಿಲ್ಲ. ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯೇ ಈ ಜಾಗ ಕೊಂಡಿತು. ವ್ಯಾಪಾರದ ಕಂಪನಿಗೆ ಸ್ಮಶಾನದ ಉಸಾಬರಿ!

ಕಲ್ಲು ಓದುವಾಗ ಎಡವುವುದು ಇಲ್ಲೇ: ಕೆಲವು ಕಲ್ಲುಗಳ ಮೇಲೆ 1821ಕ್ಕಿಂತ ಹಿಂದಿನ ಇಸವಿ ಇದೆ. ಕೆತ್ತನೆ ತಪ್ಪಲ್ಲ, ಊರಾಚೆ ಹೂತಿದ್ದವರನ್ನು ಆಮೇಲೆ ಇಲ್ಲಿಗೆ ತಂದದ್ದು. ಸ್ಥಾಪನೆಯ ವರ್ಷವನ್ನು ಅತಿ ಹಳೆಯ ಕಲ್ಲಿನಿಂದ ಲೆಕ್ಕ ಹಾಕಬೇಡಿ.

ಮಾರಿಸನ್ 1834ರ ಆಗಸ್ಟ್ 1ರಂದು ಸತ್ತದ್ದು ಕ್ಯಾಂಟನ್‌ನಲ್ಲಿ (ಇಂದಿನ ಗುವಾಂಗ್‌ಝೌ), ಮಣ್ಣಾದದ್ದು ಇಲ್ಲಿ. ಮೇರಿ, ಮಗ ಜಾನ್ ಅವರ ಸಮಾಧಿಗಳೂ ಹತ್ತಿರವೇ. ಚೀನೀ ಅಕ್ಷರಗಳಿಗೆ ಲೋಹದ ಅಚ್ಚುಮೊಳೆ ಮಾಡಿದ ಸ್ಯಾಮ್ಯುಯೆಲ್ ಡೈಯರ್ (ನಿಧನ 1843) ಅವರನ್ನೂ ನೋಡದೆ ಬರಬೇಡಿ. ನಾವಿಕರು, ವರ್ತಕರೂ ಇಲ್ಲಿದ್ದಾರೆ, ಎಲ್ಲರೂ ಮಿಷನರಿಗಳಲ್ಲ.

1858ರಲ್ಲಿ ಇಲ್ಲಿ ಹೂಳುವುದು ನಿಂತಿತು. ಅದಾದ ಮೇಲಿನವರ ಹೆಸರು ಹುಡುಕುತ್ತಿದ್ದರೆ ಬೇರೆ ಸ್ಮಶಾನ ನೋಡಬೇಕು. ಸವೆದ ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜಬೇಡಿ, ಬೆಳಕು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ.