ಗೋಡೆಯಾಚೆಯ ಕಂಡಕ್ಟರ್

ಬ್ರನ್ಸ್‌ವಿಕ್, ಮೆಲ್ಬರ್ನ್
ಜುಲೈ, ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಚಳಿ ಜಾಸ್ತಿ, ಅಷ್ಟೇ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಮ್ಮ ಅರ್ಧ ಕೇಳಿಯೇ ಗಾಬರಿಯಾಗುತ್ತಾಳೆ, ಅದಕ್ಕೆ ಬರೆಯುತ್ತಿದ್ದೇನೆ. ಅಮ್ಮ, ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿ.

ಅಪ್ಪ, ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಕಂಡಕ್ಟರ್ ಇದ್ದಾರೆ.

ನಾವು ಐದು ಜನ ಬಾಡಿಗೆ ಹಂಚಿಕೊಂಡು ಇರುವ ಮನೆ ಇದು. ಒಂದೇ ಬಚ್ಚಲು, ಒಂದೇ ಫ್ರಿಜ್. ನನ್ನ ಒಗ್ಗರಣೆಯ ಹೊಗೆಗೆ ಅಲಾರಂ ಎರಡು ಸಲ ಕೂಗಿಕೊಂಡಿದೆ. ನನ್ನ ರೂಮಿಗೂ ಪಕ್ಕದ ಮನೆಗೂ ಒಂದೇ ಗೋಡೆ. ಬಂದ ಮೊದಲ ವಾರವೇ ಬೆಳಗಿನ ಜಾವ ಐದಕ್ಕೆ ಗೋಡೆಯಾಚೆಯಿಂದ 'ಟಿಂಗ್ ಟಿಂಗ್' ಅಂತ ಗಂಟೆ. ಆಮೇಲೆ ಒಂದು ಒರಟು ಗಂಟಲು, ಒಂದೊಂದೇ ಸ್ಟಾಪಿನ ಹೆಸರು ಕೂಗುತ್ತದೆ. ಹೇಮಾರ್ಕೆಟ್, ರಾಯಲ್ ಪೆರೇಡ್, ಬ್ರನ್ಸ್‌ವಿಕ್ ರೋಡ್... ಸಿಡ್ನಿ ರೋಡಿನಲ್ಲಿ ಓಡುವ 19ನೇ ನಂಬರ್ ಟ್ರಾಮಿನ ದಾರಿ ಅದು. ಮನೆಯವರಿಗೆಲ್ಲ ಸಿಟ್ಟು. ಒಬ್ಬ ಪೊಲೀಸರಿಗೆ ಫೋನ್ ಮಾಡೋಣ ಅಂದ. ನಾನು, ಮೊದಲು ಮಾತಾಡಿ ನೋಡೋಣ ಅಂತ ಹೋಗಿ ಬಾಗಿಲು ತಟ್ಟಿದೆ.

ಬಾಗಿಲು ಒಂದು ಗೇಣು ತೆರೆಯಿತು. ಬಿಳಿ ಗಡ್ಡ, ಎಪ್ಪತ್ತು ದಾಟಿದ ಮುಖ. ಹಿಂದೆ ಸೊಂಟದೆತ್ತರಕ್ಕೆ ಹಳೇ ಪೇಪರಿನ ಕಟ್ಟುಗಳು. ಮಾತಿಲ್ಲ ಕತೆಯಿಲ್ಲ, 'ಟಿಕೆಟ್?' ಅಂದರು. ನಾನು ತಮಾಷೆಗೆ ಜೇಬಿನಿಂದ ಮೈಕಿ ಕಾರ್ಡ್ ತೆಗೆದು ತೋರಿಸಿದೆ. ನಮ್ಮ ಮೆಟ್ರೋ ಕಾರ್ಡಿನ ಥರದ್ದೇ ಅದು, ಟ್ರಾಮ್ ಹತ್ತಿ ಮಿಷನ್‌ಗೆ ತಾಗಿಸಬೇಕು. ಮುಖ ಕೆಂಪಗಾಯಿತು ನೋಡಿ! ಬಾಗಿಲು ನನ್ನ ಮೂಗಿನ ಮುಂದೆಯೇ ದಢಾರ್ ಅಂತ ಮುಚ್ಚಿಕೊಂಡಿತು.

ತಪ್ಪು ನನ್ನದೇ ಅಂತ ಆಮೇಲೆ ಗೊತ್ತಾಯಿತು. ಇಲ್ಲಿ ಟ್ರಾಮ್ ಹಳಿ 250 ಕಿಲೋಮೀಟರ್ ಇದೆ, ಪ್ರಪಂಚದಲ್ಲೇ ದೊಡ್ಡದು. ಆದರೆ ಒಂದರಲ್ಲೂ ಕಂಡಕ್ಟರ್ ಇಲ್ಲ. 1990ರಲ್ಲಿ ಸರ್ಕಾರ ಕಂಡಕ್ಟರುಗಳನ್ನು ತೆಗೆಯಲು ಹೊರಟಾಗ, ನೌಕರರು ಟ್ರಾಮುಗಳನ್ನೆಲ್ಲ ತಂದು ಸಿಟಿಯ ನಡುಬೀದಿಯಲ್ಲಿ ಸಾಲಾಗಿ ನಿಲ್ಲಿಸಿಬಿಟ್ಟರಂತೆ. ಒಂದು ತಿಂಗಳಿಗೂ ಮೇಲೆ ಅವು ಅಲ್ಲೇ ನಿಂತಿದ್ದವು. ಆಗ ಹೇಗೋ ಉಳಿದುಕೊಂಡ ಕಂಡಕ್ಟರ್ ಕೆಲಸ 1998ರಲ್ಲಿ ಹೋಯಿತು. ಟ್ರಾಮಿನೊಳಗೆ ಟಿಕೆಟ್ ಮಿಷನ್ ಕೂರಿಸಿದರು. ಅಪ್ಪ, ಇದನ್ನು ಕೇಳಿ ನೀವು ನಗುತ್ತೀರಿ: ಆ ಮಿಷನ್ ಬರೀ ಚಿಲ್ಲರೆ ತಗೊಳ್ಳುತ್ತಿತ್ತು, ನೋಟು ಕೊಟ್ಟರೆ ಆಗುತ್ತಿರಲಿಲ್ಲ!

ಮಾರನೇ ದಿನ ಒಂದು ಚೀಟಿ ಬರೆದು ಅವರ ಟಪಾಲು ಡಬ್ಬಿಗೆ ಹಾಕಿದೆ. 'ನಮ್ಮಪ್ಪ 31 ವರ್ಷ ಬಸ್ ಕಂಡಕ್ಟರ್ ಆಗಿದ್ದರು. ನಿನ್ನೆ ಮಾಡಿದ್ದಕ್ಕೆ ಕ್ಷಮಿಸಿ' ಅಂತ. ಮೂರು ದಿನ ಸುದ್ದಿಯಿಲ್ಲ. ನಾಲ್ಕನೇ ದಿನ ನಮ್ಮ ಮೆಟ್ಟಿಲ ಮೇಲೆ ಒಂದು ಚೀಲ ನಿಂಬೆಹಣ್ಣು.

ಅವತ್ತಿನಿಂದ ಭಾನುವಾರ ಸಂಜೆ ಅವರ ಅಡುಗೆಮನೆಯಲ್ಲಿ ಚಹಾ. ಇಲ್ಲಿ ಕಂಡಕ್ಟರಿಗೆ 'ಕಾನಿ' ಅನ್ನುತ್ತಿದ್ದರಂತೆ. ನಾನೂ ಹಾಗೇ ಕರೆಯುತ್ತೇನೆ. ವಯಸ್ಸಾದವರನ್ನು ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಏಳುವುದಿಲ್ಲ. ಹಳೇ ಚರ್ಮದ ಬ್ಯಾಗನ್ನು ಮೇಜಿನ ಮೇಲಿಟ್ಟು ತೋರಿಸಿದರು. ಪಟ್ಟಿ ಭುಜಕ್ಕೆ ಉಜ್ಜಿ ಉಜ್ಜಿ ಕಪ್ಪಾಗಿದೆ, ಒಳಗೆ ನಾಣ್ಯದ ವಾಸನೆ ಇನ್ನೂ ಇದೆ. ನಿಮ್ಮ ಬ್ಯಾಗಿನದೇ ವಾಸನೆ ಅಪ್ಪ! ಸುಮ್ನೆ ಹೇಳುತ್ತಿಲ್ಲ. ಚಿಲ್ಲರೆ ಇಲ್ಲದಿದ್ದರೆ ನಿಮ್ಮಪ್ಪ ಏನು ಮಾಡುತ್ತಿದ್ದರು ಅಂತ ಕೇಳಿದರು. ಬಾಕಿ ಎಷ್ಟು ಅಂತ ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಿದ್ದರು, ಎಷ್ಟೋ ಜನ ಅದನ್ನು ಮರೆತು ಇಳಿದುಬಿಡುತ್ತಿದ್ದರು ಅಂದೆ. ಕೆಮ್ಮು ಬರುವವರೆಗೆ ನಕ್ಕರು.

ಎಲ್ಲ ದಿನವೂ ಹೀಗಿರುವುದಿಲ್ಲ. ಕೆಲವು ವಾರ ಬಾಗಿಲೇ ತೆಗೆಯುವುದಿಲ್ಲ. ಕುಡಿಯುತ್ತಾರೆ. ಒಮ್ಮೆ ನನ್ನನ್ನೇ, ನೀನೇ ನನ್ನ ಕಾಗದ ಕದಿಯುವವಳು ಅಂತ ಬೀದಿಗೆಲ್ಲ ಕೇಳುವ ಹಾಗೆ ಬೈದರು. ಆ ರಾತ್ರಿ ನಾನು ಅತ್ತೆ, ಸುಳ್ಳು ಯಾಕೆ ಹೇಳಲಿ.

ಹೋದ ತಿಂಗಳು ಒಂದು ಮಂಗಳವಾರ. ಕೆಲಸ ಮುಗಿಸಿ ಕೊನೇ ಟ್ರಾಮಿನಲ್ಲಿ ಬಂದು ಇಳಿದೆ, ರಾತ್ರಿ ಒಂದರ ಹತ್ತಿರ. ಸ್ಟಾಪಿನಲ್ಲಿ ಕಾನಿ ನಿಂತಿದ್ದಾರೆ. ಪೈಜಾಮ, ಕಾಲಿಗೆ ಬರೀ ಕಾಲುಚೀಲ, ಹೆಗಲಿಗೆ ಆ ಬ್ಯಾಗು. ಡ್ಯೂಟಿಗೆ ಹೊತ್ತಾಯಿತು ಅಂದರು. ಇಲ್ಲಿ ಶುಕ್ರವಾರ, ಶನಿವಾರವಾದರೆ ರಾತ್ರಿಯೆಲ್ಲ ಟ್ರಾಮ್ ಇರುತ್ತದೆ, ಮಿಕ್ಕ ದಿನ ಇಲ್ಲ. ಅದನ್ನು ಹೇಳಿದರೆ ಕೇಳುತ್ತಾರಾ? ಏನೂ ತೋಚದೆ, ನೀವು ಹೇಳುತ್ತಿದ್ದ ಹಾಗೆ 'ರೈಟ್ ರೈಟ್' ಅಂದುಬಿಟ್ಟೆ, ಕನ್ನಡದ ಗಂಟಲಲ್ಲೇ. ಅವರು ನನ್ನ ಮುಖ ನೋಡಿದರು. ಆಮೇಲೆ ಬ್ಯಾಗು ಸರಿಮಾಡಿಕೊಂಡು ನನ್ನ ಜೊತೆ ಮನೆಗೆ ನಡೆದರು. ಕಾಲುಚೀಲ ಒದ್ದೆಯಾಗಿ ಹೆಜ್ಜೆಗೊಮ್ಮೆ ಪಿಚಕ್ ಅನ್ನುತ್ತಿತ್ತು.

ಆಮೇಲೆ ಅವರನ್ನು ಒಪ್ಪಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈಗ ವಾರಕ್ಕೊಮ್ಮೆ ನರ್ಸ್ ಬಂದು ಮಾತ್ರೆ ನೋಡುತ್ತಾರೆ. ಅದು ಅವರಿಗೆ ಇಷ್ಟವಿಲ್ಲ. ಚೆಕಿಂಗ್‌ನವರು ಬಂದರು ಅಂತ ಗೊಣಗುತ್ತಾರೆ! ನಾನು ಮಾಡಿದ್ದು ಸರಿಯಾ ಅಂತ ಒಮ್ಮೊಮ್ಮೆ ಅನುಮಾನ ಬರುತ್ತದೆ. ಐದು ಗಂಟೆಯ ಟಿಂಗ್ ಟಿಂಗ್ ಮಾತ್ರ ನಿಂತಿಲ್ಲ. ಮನೆಯವರು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಾರೆ.

ಅಮ್ಮ, ಆ ನಿಂಬೆಹಣ್ಣು ಉಪ್ಪಿನಕಾಯಿಗೆ ಹಾಕಿದ್ದೇನೆ. ಬಿಸಿಲಿಗಿಡು ಅಂತ ನೀನು ಅಂದಿದ್ದೆ, ಇಲ್ಲಿ ಬಿಸಿಲೆಲ್ಲಿ? ಹೀಟರ್ ಪಕ್ಕ ಇಟ್ಟಿದ್ದೇನೆ. ನೋಡೋಣ.

ಅಪ್ಪ, ಟ್ರಂಕಿನಲ್ಲಿ ನಿಮ್ಮ ಹಳೇ ಟಿಕೆಟ್ ಪಂಚ್ ಇದೆಯಲ್ಲ, ಅದನ್ನು ಪಾರ್ಸೆಲ್ ಮಾಡುತ್ತೀರಾ? ಅವರ ಕೈಗೆ ಕೊಡಬೇಕು ಅಂತ ಆಸೆ. ವಾಪಸ್ ತಂದುಕೊಡುವುದು ನನ್ನ ಜವಾಬ್ದಾರಿ.

ಇನ್ನೊಂದು. ರಿಟೈರ್ ಆದ ದಿನ, ಕೊನೇ ಟ್ರಿಪ್ ಮುಗಿಸಿ ಡಿಪೋದಲ್ಲಿ ದುಡ್ಡು ಕಟ್ಟಿದ ಮೇಲೆ ನಿಮ್ಮಪ್ಪ ಏನು ಮಾಡಿದರು ಅಂತ ಕಾನಿ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವತ್ತು ಮನೆಗೆ ಬಂದಾಗ ನಿಮ್ಮ ಕೊರಳಲ್ಲಿ ಹಾರ ಇದ್ದದ್ದು, ಕೈಯಲ್ಲಿ ಮೈಸೂರು ಪಾಕಿನ ಡಬ್ಬ ಇದ್ದದ್ದು ಮಾತ್ರ ನೆನಪಿದೆ. ಅರಸೀಕೆರೆ ಡಿಪೋದಿಂದ ಮನೆಗೆ ಅರ್ಧ ಗಂಟೆ ದಾರಿ, ನೀವು ಬಂದಾಗ ರಾತ್ರಿ ಹತ್ತಾಗಿತ್ತು. ಅಲ್ಲಿಯವರೆಗೆ ಎಲ್ಲಿದ್ದಿರಿ ಅಪ್ಪ? ಬರೆಯಿರಿ, ಅವರಿಗೆ ಹೇಳಬೇಕು.

ಇಂತಿ ನಿಮ್ಮ ಮಗಳು