ಮಗಳಿಗೊಂದು ಪತ್ರ: ಪೂರ್ತಿ ಹಾಜರಿಯ ಸ್ಟೀಲ್ ಡಬ್ಬಿ

ಧಾರವಾಡ
ಭಾನುವಾರ ಸಂಜೆ

ಪ್ರೀತಿಯ ಅವ್ವಿ,

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಕರೆಂಟ್ ಹೋಗಿತ್ತು, ನಿಮ್ಮವ್ವ ಬೇರೆ ನಡುನಡುವೆ ಫೋನ್ ಕಸಿದುಕೊಳ್ಳುತ್ತಿದ್ದಳು. "ಅಪ್ಪಾ, ನಮ್ಮ ನಾಕನೇತ್ತಾ ಕ್ಲಾಸಿನ್ಯಾಗ ಒಂಬತ್ತು ಹುಡುಗ್ರಿಗೆ ಜ್ವರ. ಕೊರೋನಾದಾಗ ನೀವೆಲ್ಲಾ ಸಾಲಿ ಹೆಂಗ ನಡಿಸಿದ್ರಿ?" ಅಂದೆ. ನಾನು ಮಾಸ್ಕು, ಸ್ಯಾನಿಟೈಸರು ಅಂತ ಏನೋ ಹೇಳಿ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ಹೊಸದಾಗಿ ಟೀಚರಾದ ಮಗಳಿಗೆ ಹೇಳುವ ಮಾತಾ ಅದು?

ನಿನಗೆ ನೆನಪಿದೆಯಲ್ಲ, ನಿನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದದ್ದು ಲಾಕ್‌ಡೌನ್‌ನಿಂದಾಗಿ 2020ರ ಜೂನ್ 25ಕ್ಕೆ ಹೋಯ್ತು. ಬೈಕಿನ ಮೇಲೆ ನಿನ್ನನ್ನು ಬಿಟ್ಟು ಗೇಟಿನ ಹೊರಗೆ ನಿಂತಿದ್ದೆ. ಹಣೆಗೆ ಜ್ವರ ನೋಡುವ ಗನ್ ಹಿಡಿದ ಆಶಾ ಕಾರ್ಯಕರ್ತೆ ನಿನ್ನನ್ನು ಪಕ್ಕಕ್ಕೆ ನಿಲ್ಲಿಸಿದಳು. ನನ್ನ ಎದೆ ಧಸಕ್ಕೆಂದಿತು. ಬಿಸಿಲಲ್ಲಿ ಬಂದದ್ದಕ್ಕೆ ಹಣೆ ಕಾದಿತ್ತು ಅಷ್ಟೇ. ನೀನು ಐದು ನಿಮಿಷ ಬೇವಿನ ಗಿಡದ ಕೆಳಗೆ ನಿಂತೆ, ಮತ್ತೆ ನೋಡಿದರು, ಒಳಗೆ ಬಿಟ್ಟರು.

ಆ ಗನ್ನು ಆಮೇಲೆ ನಮ್ಮ ಶಾಲೆಗೂ ಬಂತು. 2021ರ ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟನೇತ್ತಾದವರು ಬಂದರು, ಅಕ್ಟೋಬರ್ 25ಕ್ಕೆ ಸಣ್ಣವರು. ದಿನಾ ಬೆಳಿಗ್ಗೆ ನಾನೇ ಗೇಟಿನಲ್ಲಿ ನಿಲ್ಲುತ್ತಿದ್ದೆ. ಗನ್ನು ಒಂದೇ ಒಂದು ಜ್ವರ ಹಿಡಿಯಲಿಲ್ಲ. ಸುಳ್ಳಲ್ಲ. ಯಾಕೆಂದರೆ ತಾಯಂದಿರು ಹೊಲಕ್ಕೆ ಹೋಗುವ ಮುಂಚೆ ಮಗುವಿಗೆ ಅರ್ಧ ಪ್ಯಾರಾಸಿಟಮಾಲ್ ನುಂಗಿಸಿ ಕಳಿಸುತ್ತಿದ್ದರು. ಗೇಟಿನಲ್ಲಿ ಹಣೆ ತಣ್ಣಗೆ. ಹನ್ನೊಂದೂವರೆಗೆ ಗುಳಿಗೆಯ ಜೋರು ಇಳಿಯುತ್ತಿತ್ತು, ಮಗು ಡೆಸ್ಕಿನ ಮೇಲೆ ತಲೆ ಇಡುತ್ತಿತ್ತು. ಮುಟ್ಟಿದರೆ ಹಂಚಿನ ಹಾಗೆ ಸುಡುತ್ತಿತ್ತು. "ಜ್ವರ ಇಲ್ರೀ ಸರ್, ಬಿಸಲಾಗ ಬಂದೇನ್ರಿ" ಅನ್ನುತ್ತಿದ್ದವು. ಅಷ್ಟೊತ್ತಿಗೆ ಮುಚ್ಚಿದ ಕೋಣೆಯಲ್ಲಿ ಎರಡು ತಾಸು ಕೂತು ಕೆಮ್ಮಿ ಆಗಿರುತ್ತಿತ್ತು.

ತಾಯಂದಿರನ್ನು ಬೈಯಬೇಡ. ಮಗು ಮನೆಯಲ್ಲಿ ಉಳಿದರೆ ತಾಯಿಯ ಒಂದು ದಿನದ ಕೂಲಿ ಹೋಯ್ತು. ಮಗುವಿಗೆ ಮಧ್ಯಾಹ್ನದ ಬಿಸಿಯೂಟವೂ ಹೋಯ್ತು. ನಾವು ಬೋರ್ಡಿನ ಮೇಲೆ "ಜ್ವರ ಇದ್ದರೆ ಬರಬೇಡಿ" ಎಂದು ಬರೆದೆವು. ಬರದಿದ್ದರೆ ಏನು ಉಣ್ಣಬೇಕು ಅಂತ ಬರೆಯಲಿಲ್ಲ.

ಇನ್ನು ನನ್ನದೇ ಒಂದು ಘನಕಾರ್ಯ ಇತ್ತು. ಸ್ಟೀಲ್ ಡಬ್ಬಿ. ಪ್ರತಿ ಜನವರಿ 26ಕ್ಕೆ, ಒಂದು ದಿನವೂ ತಪ್ಪಿಸದೆ ಬಂದ ಮಕ್ಕಳಿಗೆ ನನ್ನ ಕೈಯಿಂದ ಖರ್ಚು ಮಾಡಿ ಡಬ್ಬಿ ಕೊಡುತ್ತಿದ್ದೆ. ನೀನೂ ಬಂದು ಹಂಚಿದ್ದೀಯ. ಅದರ ಮೇಲೆ ಹೆಸರು ಕೆತ್ತಿಸಿ ಬೇರೆ ಕೊಡುತ್ತಿದ್ದೆ. ಎಷ್ಟು ಹೆಮ್ಮೆ ನನಗೆ! ಆ ವರ್ಷ ಐದನೇತ್ತಾದ ಒಂದು ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿತ್ತು. ಮನೆಗೆ ಹೋಗು ತಾಯಿ ಅಂದೆ. ಅಳಲಿಕ್ಕೆ ಶುರು ಮಾಡಿತು. "ಡಬ್ಬಿ ಸಿಗೂದಿಲ್ಲಲ್ರೀ ಸರ್" ಅಂತ. ಹದಿನೆಂಟು ವರ್ಷ ನಾನು ಎಷ್ಟು ಮಕ್ಕಳನ್ನು ಜ್ವರದಲ್ಲಿ ಶಾಲೆಗೆ ಎಳೆತಂದಿದ್ದೇನೋ ಅಂತ ಅವತ್ತು ಹೊಳೆಯಿತು. ಮುಂದೆ ಡಬ್ಬಿ ಕೊಡಲಿಲ್ಲ.

ನಿನಗೆ ಹೇಳದ ಒಂದು ಮಾತು ಇದೆ. 2020ರ ಆಗಸ್ಟ್‌ನಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಬಂತಲ್ಲ, ನಾವು ಬಸವಣ್ಣನ ಗುಡಿ ಕಟ್ಟೆಯ ಮೇಲೆ ಪಾಠ ಮಾಡುತ್ತಿದ್ದೆವು. ಯೋಜನೆ ಒಳ್ಳೆಯದೇ. ಬಯಲು ಗಾಳಿ, ಏಳೆಂಟು ಮಕ್ಕಳು. ಸೆಪ್ಟೆಂಬರ್‌ನಲ್ಲಿ ನನಗೆ ಗಂಟಲು ಕೆರೆತ ಶುರುವಾಯಿತು, ಮೈ ಬೆಚ್ಚಗಿತ್ತು. ಮೇಲಿನವರು ನೋಡಲು ಬರುತ್ತಾರೆ ಅಂತ ಸುದ್ದಿ ಇತ್ತು. ಸುಮ್ನೆ ನೆಗಡಿ ಅಂತ ಹೇಳಿಕೊಂಡು ಗುಳಿಗೆ ನುಂಗಿ ಎರಡು ದಿನ ಹೋದೆ. ಮೂರನೇ ದಿನ ವಾಸನೆ ಹೋಯ್ತು. ಆಮೇಲಿನದು ನಿನಗೆ ಗೊತ್ತು. ನಾನು ಪಡಸಾಲೆಯಲ್ಲಿ ಮಲಗಿದ್ದು, ನಿಮ್ಮವ್ವ ಗಂಗಾಳವನ್ನು ಬಾಗಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದದ್ದು. ಗೊತ್ತಿಲ್ಲದ್ದು ಇಷ್ಟು: ಅದೇ ವಾರ ಆ ಮಕ್ಕಳಲ್ಲಿ ಒಬ್ಬನ ಅಜ್ಜಿಯನ್ನು ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆಗೆ ಹಾಕಿದರು. ಬದುಕಿ ಬಂದಳು, ಪುಣ್ಯ. ನನ್ನಿಂದ ಹೋಯಿತೋ, ಬೇರೆ ಎಲ್ಲಿಂದಲೋ ಯಾರಿಗೆ ಗೊತ್ತು. ಅವಳು ಈಗಲೂ ಸಿಕ್ಕರೆ "ಮಾಸ್ತರ, ಆರಾಮ ಅದೀರಿಲ್ಲೋ" ಅಂತ ಕೇಳುತ್ತಾಳೆ. ಆ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಈಗ ಕಿಟಕಿ ವಿಷಯ. ಇದನ್ನು ಸ್ವಲ್ಪ ಮನಸ್ಸಿಟ್ಟು ಓದು. ಮೊದಮೊದಲು ನಾವು ಬೆಂಚು ಒರೆಸಿದ್ದೇ ಒರೆಸಿದ್ದು. ಬ್ಲೀಚಿಂಗ್ ವಾಸನೆಗೆ ಮಕ್ಕಳ ಕಣ್ಣಲ್ಲಿ ನೀರು. 2021ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯೂ ಕೊರೋನಾ ಗಾಳಿಯಲ್ಲಿ ತೇಲಿ ಹರಡುತ್ತದೆ ಅಂತ ಒಪ್ಪಿಕೊಂಡಿತು. ಆಗ ನಾನು ಒಂದು ಕೆಲಸ ಮಾಡಿದೆ. ಶನಿವಾರ ಮಕ್ಕಳು ಹೋದಮೇಲೆ ಐದನೇತ್ತಾದ ಕೋಣೆಯ ಮೂಲೆಯಲ್ಲಿ ಒಂದು ಊದಿನಕಡ್ಡಿ ಹಚ್ಚಿ, ಬಾಗಿಲು ಕಿಟಕಿ ಮುಚ್ಚಿ, ಕೊನೆಯ ಬೆಂಚಿನಲ್ಲಿ ಕೂತೆ. ಹೊಗೆ ಮೆಲ್ಲಗೆ ಮೇಲೆ ಹೋಯಿತು, ಹಂಚಿನ ಕೆಳಗೆ ಚಪ್ಪರದ ಹಾಗೆ ಹರಡಿತು, ಆಮೇಲೆ ನನ್ನ ಕಡೆಗೇ ಇಳಿಯಿತು. ಕಡ್ಡಿ ಆರಿದ ಮೇಲೂ ಹೊಗೆ ಕೋಣೆ ಬಿಡಲೊಲ್ಲದು. ಎದುರುಬದುರು ಕಿಟಕಿ ತೆಗೆದೆ. ನೋಡನೋಡುತ್ತಿದ್ದಂತೆ ಹೊಗೆ ದಾರಿ ಹಿಡಿದು ಹೊರಗೆ ಹೋಯಿತು. ಒಂದೇ ಬದಿ ತೆಗೆದಾಗ ಅಷ್ಟು ಬೇಗ ಹೋಗಲಿಲ್ಲ. ಎದುರುಬದುರು ಬೇಕು.

ನಮ್ಮ ಶಾಲೆಯ ಎರಡು ಕಿಟಕಿಗೆ ಮಂಗಗಳ ಕಾಟಕ್ಕೆ ಮೊಳೆ ಹೊಡೆದಿತ್ತು. ಕಿತ್ತಿಸಿ ಜಾಳಿಗೆ ಹಾಕಿಸಿದೆವು. ಮೂರನೆಯದಕ್ಕೆ ಅಡ್ಡ ಅಕ್ಕಿ ಚೀಲ ಒಟ್ಟಿದ್ದರು. ನಿನ್ನ ಶಾಲೆಯಲ್ಲೂ ಹೀಗೆ ಏನಾದರೂ ಇದ್ದೇ ಇರುತ್ತದೆ, ನೋಡು. ಹಾನಗಲ್ಲಿನ ಮಳೆ ನಮ್ಮ ಅಣ್ಣಿಗೇರಿ ಕಡೆಯ ಮಳೆಯಂಥದ್ದಲ್ಲ, ಗೊತ್ತು. ಇರಚಲು ಪಡುವಣದಿಂದ ಹೊಡೆಯುತ್ತದೆ. ಆ ಬದಿ ಮುಚ್ಚು, ಆದರೆ ಪೂರ್ತಿ ಅಲ್ಲ, ಮೇಲಿನ ಕದ ತೆರೆದಿಡು. ಮೂಡಣದ ಕಿಟಕಿ, ಬಾಗಿಲು ತೆರೆದಿಡು. ಚಳಿ ಅಂದರೆ ಸ್ವೆಟರ್ ಹಾಕಿಕೊಳ್ಳಲಿ. ಹೆಡ್‌ಮಾಸ್ತರು ಒಪ್ಪದಿದ್ದರೆ ವಾದ ಮಾಡಬೇಡ. ನೀನು ಅತಿಥಿ ಶಿಕ್ಷಕಿ, ಹೊಸಬಳು. ಒಂದು ಊದಿನಕಡ್ಡಿ ಹಚ್ಚಿ ತೋರಿಸು.

ಕೈ ತೊಳೆಯುವುದು ನಿನಗೆ ಸುಲಭ, ನಿಮ್ಮಲ್ಲಿ ನೀರಿದೆ. ನಮಗೆ ಇಪ್ಪತ್ತು ಸೆಕೆಂಡ್ ತೊಳೆಯಿರಿ ಅಂತ ಪೋಸ್ಟರ್ ಕಳಿಸಿದರು. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲೇ ನಲ್ಲಿ ನೀರಿಗೆ ದಿನಗಟ್ಟಲೆ ಕಾಯಬೇಕಿತ್ತು, ನಮ್ಮ ಹಳ್ಳಿಯಲ್ಲಿ ಮಲಪ್ರಭಾ ಕಾಲುವೆ ಬಿಟ್ಟಾಗ ತುಂಬಿದ ಕೆರೆ ನೀರೇ ಗತಿ. ಮಕ್ಕಳೆಲ್ಲ ಒಂದೇ ತಂಬಿಗೆ ಹಿಡಿದು, ಒಂದೇ ಕೊಡದಲ್ಲಿ ಅದ್ದುತ್ತಿದ್ದರು. ಕೊನೆಗೆ ಐದು ಲೀಟರಿನ ಎಣ್ಣೆ ಕ್ಯಾನಿಗೆ ಮೇಲ್ಗಡೆ ಮೊಳೆಯಿಂದ ತೂತು ಹಾಕಿ ಪೇರಲ ಗಿಡಕ್ಕೆ ತೂಗುಹಾಕಿದೆವು. ಕ್ಯಾನಿನ ಕುತ್ತಿಗೆಗೆ ಒಂದು ಹಗ್ಗ, ಹಗ್ಗದ ಆ ತುದಿಗೆ ಒಂದು ಬಡಿಗೆ. ಬಡಿಗೆಯನ್ನು ಕಾಲಿನಿಂದ ಒತ್ತಿದರೆ ಕ್ಯಾನು ಬಾಗುತ್ತದೆ, ಸಣ್ಣಗೆ ನೀರು ಬರುತ್ತದೆ. ಕೈಯಿಂದ ಏನೂ ಮುಟ್ಟುವ ಹಾಗಿಲ್ಲ, ನೀರೂ ಉಳಿಯುತ್ತದೆ. ಸಾಬೂನು ಮಾತ್ರ ದಿನಾ ಮಾಯ. ಮಕ್ಕಳ ಮೇಲೆ ಗುಮಾನಿ ಮಾಡಿ ಸಿಟ್ಟಾಗಿದ್ದೆ. ಕಡೆಗೆ ನೋಡಿದರೆ ಕಾಗೆ! ಹಳೇ ಸಾಕ್ಸಿನೊಳಗೆ ಹಾಕಿ ಕಟ್ಟಿದ ಮೇಲೆ ಉಳಿಯಿತು.

ಮಾಸ್ಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಮ್ಮುವವರು ಹಾಕಲಿ, ನೀನು ಹಾಕು. ಮಕ್ಕಳು ಅದಲುಬದಲು ಮಾಡಿಕೊಳ್ಳುತ್ತಾರೆ, ಅದೊಂದು ನೋಡಿಕೊ.

ಲಸಿಕೆ ಬಗ್ಗೆ ಊರಲ್ಲಿ ಯಾರಾದರೂ ಗೊಣಗಿದರೆ ಇದನ್ನು ಹೇಳು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಹೊಕ್ಕಾಗ ಹಾಫ್ಕಿನ್ ಎಂಬ ವಿಜ್ಞಾನಿ ಕಂಡುಹಿಡಿದ ಲಸಿಕೆಯನ್ನು ಸಾವಿರಾರು ಜನ ಚುಚ್ಚಿಸಿಕೊಂಡಿದ್ದರು. ನಮ್ಮ ಅಜ್ಜ ಹೇಳುತ್ತಿದ್ದ, ಇಲಿ ಬಿದ್ದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತಂತೆ. ಆದರೆ ಲಸಿಕೆ ಆಯ್ತು ಅಂತ ಕಿಟಕಿ ಮುಚ್ಚುವ ಹಾಗಿಲ್ಲ. 2021ರ ನವೆಂಬರ್‌ನಲ್ಲಿ ಇದೇ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ಒಂದು ಸಮಾರಂಭದ ನಂತರ ಇನ್ನೂರೈವತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ಬಂತು. ಹೆಚ್ಚಿನವರು ಎರಡೂ ಡೋಸ್ ಹಾಕಿಸಿಕೊಂಡವರೇ. ಯಾರಿಗೂ ಭಾರೀ ಆಗಲಿಲ್ಲ, ಅದು ಲಸಿಕೆಯ ಉಪಕಾರ. ಹರಡಿದ್ದಂತೂ ಹರಡಿತು.

ಹಾಗಾಗಿ ನಿನ್ನ ಒಂಬತ್ತು ಮಕ್ಕಳನ್ನು ಮನೆಯಲ್ಲಿ ಇರಿಸು. 2025ರ ಮೇ ಕೊನೆಯಲ್ಲಿ ಕೋವಿಡ್ ಮತ್ತೆ ಸುದ್ದಿಯಾದಾಗ ಸರ್ಕಾರದ ಸುತ್ತೋಲೆಯಲ್ಲೂ ಜ್ವರ, ಕೆಮ್ಮು ಇದ್ದವರನ್ನು ಕಳಿಸಬೇಡಿ ಅಂತಲೇ ಇತ್ತು. ಸುತ್ತೋಲೆ ಓದಿ ಹೇಳಿದರೆ ಯಾರೂ ಕೇಳುವುದಿಲ್ಲ. ಸಂಜೆ ಆಶಾ ಅಕ್ಕನನ್ನು ಕರೆದುಕೊಂಡು ಮನೆಗೆ ಹೋಗು. ಹಾಜರಿಗೆ ನಾನು ಏನೂ ಅನ್ನುವುದಿಲ್ಲ, ಆ ದಿನದ ಪಾಠ ಮತ್ತೆ ಹೇಳಿಕೊಡುತ್ತೇನೆ ಅಂತ ಹೇಳು. ಊಟದ್ದು ಒಂದು ದಾರಿ ಮಾಡು. ಶಾಲೆ ಮುಚ್ಚಿದ್ದಾಗ ಸರ್ಕಾರವೇ ಅಕ್ಕಿ, ಬೇಳೆ ಮನೆಗೆ ಕೊಟ್ಟಿತ್ತಲ್ಲ. ನಮ್ಮ ಅಡುಗೆಯಕ್ಕ ಜ್ವರದ ಮಕ್ಕಳ ಪಾಲಿನ ಅನ್ನ-ಸಾರು ತಮ್ಮನ ಕೈಲೋ ಅಕ್ಕನ ಕೈಲೋ ಡಬ್ಬಿಯಲ್ಲಿ ಕಳಿಸುತ್ತಿದ್ದಳು. ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. ನಿಮ್ಮ ಅಡುಗೆಯವರ ಹತ್ತಿರ ಮೆತ್ತಗೆ ಮಾತಾಡಿ ನೋಡು.

ಡಬ್ಬಿ ಅಂದಮೇಲೆ ನೆನಪಾಯ್ತು. ಅಟ್ಟದ ಮೇಲೆ ಹೆಸರು ಕೆತ್ತಿಸದ ಹನ್ನೊಂದು ಸ್ಟೀಲ್ ಡಬ್ಬಿ ಹಾಗೇ ಉಳಿದಿವೆ. ಬುಧವಾರ ಹಾನಗಲ್ ಬಸ್ಸಿಗೆ ಹಾಕುತ್ತೇನೆ, ಅದೇ ಕೆಲಸಕ್ಕೆ ಆಗುತ್ತವೆ. ಜೊತೆಗೆ ನಿಮ್ಮವ್ವ ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿದ್ದಾಳೆ. ಊದಿನಕಡ್ಡಿ ಪ್ಯಾಕೆಟ್ಟೂ ಇದೆ.

ನಿನಗೆ ಜ್ವರ ಬಂದರೆ ನೀನೂ ಶಾಲೆಗೆ ಹೋಗಬೇಡ. ತಪ್ಪಿದ ದಿನದ ಸಂಬಳ ಎಷ್ಟು ಅಂತ ಹೇಳು, ನಾನು ಹಾಕುತ್ತೇನೆ. ನಿನ್ನೆ ಫೋನಿನಲ್ಲಿ ನಿನ್ನ ದನಿ ಸ್ವಲ್ಪ ಒಡೆದಿತ್ತು. ನಾಳೆ ಬೆಳಿಗ್ಗೆ ಗುಳಿಗೆ ನುಂಗುವ ಮುಂಚೆ ಮೈ ನೋಡಿಕೊಂಡು ಫೋನ್ ಮಾಡು.

ನಿನ್ನ
ಅಪ್ಪ